ಹಿಮ್ಮಡಿ ನೋವು, ಸಕ್ಕರೆ ಕಾಯಿಲೆ ಮತ್ತು ಬಿಸಿ ಇಟ್ಟಿಗೆ

ನಮ್ಮ ಮಸೀದಿಗಳ ಹಿಂದಿನ ಸಾಲಿನಲ್ಲಿ ಕುರ್ಚಿಗಳು ಹೆಚ್ಚುತ್ತಿವೆ. ಒಂದು ಕಾಲದಲ್ಲಿ ತೀರಾ ವಯಸ್ಸಾದವರಿಗೆಂದು ಇಟ್ಟಿರುತ್ತಿದ್ದ ಕುರ್ಚಿಗಳಲ್ಲಿ ಈಗ ನಲವತ್ತೈದು, ಐವತ್ತರ ಪ್ರಾಯದವರೂ ಕೂರುತ್ತಿದ್ದಾರೆ. ಕೆಲವರಿಗೆ ಮೊಣಕಾಲು, ಕೆಲವರಿಗೆ ಸೊಂಟ. ಇನ್ನು ಕೆಲವರನ್ನು ಕೇಳಿದರೆ ‘ಹಿಮ್ಮಡಿಯಲ್ಲಿ ಮೂಳೆ ಬೆಳೆದಿದೆ’ ಎನ್ನುತ್ತಾರೆ. ಮನೆಯೊಳಗೆ ಈ ಮಾತು ಇನ್ನೂ ಹೆಚ್ಚು. ಫಜ್ರ್‌ಗೆಂದು ಎದ್ದ ಅಮ್ಮಿ ಹಾಸಿಗೆಯಿಂದ ಮೊದಲ ಹೆಜ್ಜೆ ಇಟ್ಟ ಕೂಡಲೇ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತದೆ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಾರೆ. ಹತ್ತಿಪ್ಪತ್ತು ಹೆಜ್ಜೆಯಾದ ಮೇಲೆ ನೋವು ಹಗುರವಾಗುತ್ತದೆ. ಸಂಜೆ ಹೊತ್ತಿಗೆ ಮತ್ತೆ ಶುರು.

ಹೀಗೆ ಹೇಳುವವರಲ್ಲಿ ಅನೇಕರಿಗೆ ಮೈತೂಕ ಹೆಚ್ಚಿದೆ, ಸಕ್ಕರೆ ಕಾಯಿಲೆಯೂ ಇದೆ. ಈ ಮೂರೂ ಒಂದೇ ಮೈಯಲ್ಲಿ ಸೇರುವುದು ಆಕಸ್ಮಿಕವಲ್ಲ. ಮೂರೂ ಸೇರಿದಾಗ ಬರಿಯ ಹಿಮ್ಮಡಿ ನೋವಿಗೆ ಮಾಡುವ ಮನೆಮದ್ದುಗಳಲ್ಲಿ ಕೆಲವು ಅಪಾಯಕಾರಿಯಾಗಿ ಬಿಡುತ್ತವೆ. ಆದ್ದರಿಂದ ಈ ಸಂಚಿಕೆಯಲ್ಲಿ ಹಿಮ್ಮಡಿಯ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮುಳ್ಳು ಎಲ್ಲಿ, ನೋವು ಎಲ್ಲಿ?

ಪಾದದ ಮೂಳೆಗಳಲ್ಲೆಲ್ಲ ದೊಡ್ಡದು ಹಿಮ್ಮಡಿಯ ಮೂಳೆ. ಅದರ ತಳದಿಂದ ಹೊರಟು, ಅಂಗಾಲಿನುದ್ದಕ್ಕೂ ಸಾಗಿ, ಬೆರಳುಗಳ ಬುಡದಲ್ಲಿ ಅಂಟಿಕೊಳ್ಳುವ ಗಟ್ಟಿ ನಾರಿನ ಪಟ್ಟಿಯೊಂದಿದೆ. ವೈದ್ಯರು ಅದನ್ನು ಪ್ಲಾಂಟರ್ ಫೇಶಿಯಾ ಎನ್ನುತ್ತಾರೆ. ನಾವು ಅಂಗಾಲಿನ ಪಟ್ಟಿ ಎಂದು ಕರೆಯೋಣ. ಬಿಲ್ಲಿಗೆ ಹೆದೆ ಇದ್ದಂತೆ ಪಾದದ ಕಮಾನಿಗೆ ಈ ಪಟ್ಟಿ. ನಾವು ನಿಂತಾಗ ಮೈಭಾರಕ್ಕೆ ಕಮಾನು ತಗ್ಗುತ್ತದೆ, ಪಟ್ಟಿ ಬಿಗಿಯುತ್ತದೆ. ಹೆಜ್ಜೆ ಎತ್ತುವಾಗ ಬೆರಳುಗಳು ಮೇಲಕ್ಕೆ ಮಡಚುತ್ತವೆ, ಆಗ ಪಟ್ಟಿ ಇನ್ನಷ್ಟು ಎಳೆಯಲ್ಪಡುತ್ತದೆ. ಈ ಎಳೆತವೆಲ್ಲ ಬಂದು ಸೇರುವುದು ಹಿಮ್ಮಡಿ ಮೂಳೆಗೆ ಪಟ್ಟಿ ಅಂಟಿರುವ ಬೆರಳಗಲದ ಜಾಗದಲ್ಲಿ. ವರ್ಷಗಟ್ಟಲೆ ಇದೇ ನಡೆದಾಗ ಅಲ್ಲಿನ ನಾರು ಸವೆಯುತ್ತದೆ, ಸಣ್ಣ ಸಣ್ಣದಾಗಿ ಹರಿಯುತ್ತದೆ, ದಪ್ಪವಾಗುತ್ತದೆ, ನೋಯುತ್ತದೆ.

ಅದೇ ಜಾಗದಲ್ಲಿ ಕೆಲವರಿಗೆ ಮೂಳೆಯ ಸಣ್ಣದೊಂದು ಕೊಕ್ಕು ಬೆಳೆಯುತ್ತದೆ. ಅದೇ ಹೀಲ್ ಸ್ಪರ್. ಎಕ್ಸ್‌ರೇ ಹಾಳೆಯಲ್ಲಿ ಅದು ಗುಲಾಬಿ ಗಿಡದ ಮುಳ್ಳಿನಂತೆ ಕಾಣುವುದರಿಂದ ನೋಡಿದವರ ಎದೆ ಝಲ್ಲೆನ್ನುತ್ತದೆ. ನಡೆದಾಗಲೆಲ್ಲ ಅದು ಒಳಗಿನಿಂದ ಚುಚ್ಚುತ್ತಿದೆ ಎಂಬ ಚಿತ್ರ ಮನಸ್ಸಿನಲ್ಲಿ ನಿಂತುಬಿಡುತ್ತದೆ. ಆದರೆ ಆ ಕೊಕ್ಕು ನೆಲದ ಕಡೆಗೆ ಚೂಪಾಗಿರುವುದಿಲ್ಲ, ಬೆರಳುಗಳ ದಿಕ್ಕಿಗೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಹಿಮ್ಮಡಿ ನೋವೇ ಇಲ್ಲದ ಅನೇಕರ ಎಕ್ಸ್‌ರೇಯಲ್ಲೂ ಮುಳ್ಳು ಇರುತ್ತದೆ. ತೀವ್ರ ನೋವಿರುವ ಅನೇಕರಲ್ಲಿ ಮುಳ್ಳೇ ಇರುವುದಿಲ್ಲ. ನೋವು ಪೂರ್ತಿ ವಾಸಿಯಾದ ಮೇಲೆ ಮತ್ತೆ ಎಕ್ಸ್‌ರೇ ತೆಗೆದರೆ ಮುಳ್ಳು ಇದ್ದಲ್ಲೇ ಇರುತ್ತದೆ.

1895ರಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದ ಮೇಲೆ ಮೂಳೆ ಕಣ್ಣಿಗೆ ಬಿತ್ತು, ಪಟ್ಟಿ ಬೀಳಲಿಲ್ಲ. ಕಂಡದ್ದರ ಮೇಲೆ ತಪ್ಪು ಹೊರಿಸುವುದು ಮನುಷ್ಯ ಸಹಜ. ‘ಮೂಳೆ ಬೆಳೆದಿದೆ’ ಎಂಬ ಮಾತು ಇಂದಿಗೂ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಆ ಮಾತಿನಿಂದ ಆಗುವ ಕೆಡುಕೆಂದರೆ, ಮೂಳೆ ಕರಗಿಸುವ ಔಷಧಿ, ಎಣ್ಣೆ, ಪುಡಿ ಎಂದು ಜನ ಹಣ ಸುರಿಯುತ್ತಾರೆ. ಹಾಗೆ ಮೂಳೆ ಕರಗಿಸುವ ಎಣ್ಣೆಯೂ ಇಲ್ಲ, ಮಾತ್ರೆಯೂ ಇಲ್ಲ. ಕರಗಿಸುವ ಅಗತ್ಯವೂ ಇಲ್ಲ.

ಬೆಳಗಿನ ಮೊದಲ ಹೆಜ್ಜೆಯೇ ಯಾಕೆ ಅಷ್ಟು ನೋಯುತ್ತದೆ ಎಂಬುದಕ್ಕೂ ಉತ್ತರ ಪಟ್ಟಿಯಲ್ಲೇ ಇದೆ. ಮಲಗಿದಾಗ ಪಾದ ಕೆಳಮುಖವಾಗಿ ಸಡಿಲ ಬಿದ್ದಿರುತ್ತದೆ, ಪಟ್ಟಿ ರಾತ್ರಿಯಿಡೀ ಮುದುಡಿಕೊಂಡಿರುತ್ತದೆ. ಎದ್ದು ನಿಂತ ಕ್ಷಣ ಪೂರ್ತಿ ಮೈಭಾರ ಅದನ್ನು ಒಮ್ಮೆಲೇ ಎಳೆಯುತ್ತದೆ. ಬಸ್ಸಿನಲ್ಲಿ ಎರಡು ಗಂಟೆ ಕೂತು ಇಳಿದಾಗ, ಖುತ್ಬಾ ಮುಗಿದು ನಮಾಝಿಗೆ ಎದ್ದಾಗ ನೋವು ಬರುವುದೂ ಹೀಗೆಯೇ.

ಭಾರ ಮತ್ತು ಸಕ್ಕರೆ ಮಾಡುವ ಕೆಲಸ

ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಪಾದದ ಮೇಲೆ ನಮ್ಮ ಮೈತೂಕಕ್ಕಿಂತ ಸ್ವಲ್ಪ ಹೆಚ್ಚೇ ಭಾರ ಬೀಳುತ್ತದೆ. ಮನೆಗೆಲಸ, ಅಂಗಡಿ, ಮಸೀದಿ ಎಂದು ದಿನಕ್ಕೆ 5,000 ಹೆಜ್ಜೆ ಇಡುವವರ ಒಂದೊಂದು ಪಾದಕ್ಕೆ 2,500 ಹೆಜ್ಜೆ. ತೂಕ 10 ಕಿಲೋ ಹೆಚ್ಚಿದ್ದರೆ ಆ ಒಂದು ಹಿಮ್ಮಡಿ ದಿನವೊಂದಕ್ಕೆ ಹೊರುವ ಹೆಚ್ಚುವರಿ ಹೊರೆ ಒಟ್ಟು 25 ಟನ್ನು. ಲಾರಿ ಲೆಕ್ಕ! ಹಿಮ್ಮಡಿಯಡಿಯಲ್ಲಿ ಅಲ್ಲಾಹನು ಇಟ್ಟಿರುವ ಕೊಬ್ಬಿನ ಮೆತ್ತೆ ಇದನ್ನು ತಾಳಿಕೊಳ್ಳಲೆಂದೇ ಇದೆ. ಸಣ್ಣ ಸಣ್ಣ ಗೂಡುಗಳಲ್ಲಿ ಕೊಬ್ಬನ್ನು ತುಂಬಿಟ್ಟ ಹಾಗಿರುವ ಆ ಮೆತ್ತೆ ಪ್ರಾಯವಾದಂತೆ ತೆಳುವಾಗುತ್ತದೆ, ತನ್ನ ಪುಟಿಯುವ ಗುಣ ಕಳೆದುಕೊಳ್ಳುತ್ತದೆ. ಹೊಟ್ಟೆಯಲ್ಲಿ ಕೊಬ್ಬು ಹೆಚ್ಚಿದರೆ ಅದು ಹಿಮ್ಮಡಿಯ ಮೆತ್ತೆಗೆ ಬಂದು ಸೇರುವುದಿಲ್ಲ.

ಸಕ್ಕರೆ ಕಾಯಿಲೆ ಇದರ ಜೊತೆಗೆ ಇನ್ನೊಂದು ಕೆಲಸ ಮಾಡುತ್ತದೆ. ಅಂಗಾಲಿನ ಪಟ್ಟಿಯೂ ಮೀನಖಂಡದ ಕೆಳಗಿನ ದಪ್ಪ ಸ್ನಾಯುರಜ್ಜುವೂ ಕೊಲಾಜೆನ್ ಎಂಬ ನಾರಿನಿಂದ ಆದವು. ರಕ್ತದಲ್ಲಿ ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಅದು ಈ ನಾರುಗಳಿಗೆ ಅಂಟಿ ಒಂದನ್ನೊಂದು ಬೆಸೆಯುತ್ತದೆ. ಪಾಕ ಹಾಕಿ ಒಣಗಿದ ಬಟ್ಟೆ ಹೇಗೆ ಸೆಡೆತುಕೊಳ್ಳುತ್ತದೋ ಹಾಗೆ ನಾರು ದಪ್ಪವಾಗಿ, ಬಿರುಸಾಗಿ, ಹಿಗ್ಗದಂತಾಗುತ್ತದೆ. ಭುಜ ಹಿಡಿದುಕೊಳ್ಳುವುದು, ಬೆರಳು ಮಡಚಿಕೊಂಡು ಸಿಕ್ಕಿಬೀಳುವುದು ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು ಇರುವುದಕ್ಕೂ ಇದೇ ಮೂಲ. ಮೇಲಾಗಿ ಟೈಪ್-2 ಸಕ್ಕರೆ ಕಾಯಿಲೆ ಮತ್ತು ಬೊಜ್ಜು ಇರುವವರಲ್ಲಿ ನಾರುಪಟ್ಟಿಗಳು ಮೂಳೆಗೆ ಅಂಟುವ ಜಾಗಗಳಲ್ಲಿ ಮೂಳೆ ಬೆಳೆಯುವ ಪ್ರವೃತ್ತಿಯೇ ಹೆಚ್ಚು. ಬೆನ್ನೆಲುಬಿನಲ್ಲಿ, ಹಿಮ್ಮಡಿಯ ತಳದಲ್ಲಿ, ಹಿಮ್ಮಡಿಯ ಹಿಂಬದಿಯಲ್ಲಿ ಅದು ಕಾಣಿಸುತ್ತದೆ. ಮುಳ್ಳನ್ನು ಒಂದು ಸೂಚನೆಯೆಂದು ಓದಿಕೊಳ್ಳುವುದು ಒಳ್ಳೆಯದು. ಹಿಮ್ಮಡಿಯ ಎಕ್ಸ್‌ರೇಯಲ್ಲಿ ಮುಳ್ಳು ಕಂಡ, ಹೊಟ್ಟೆಯ ಸುತ್ತಳತೆ ಹೆಚ್ಚಿರುವ ವ್ಯಕ್ತಿ ರಕ್ತದ ಸಕ್ಕರೆಯನ್ನು ಈವರೆಗೆ ಪರೀಕ್ಷಿಸಿಲ್ಲವಾದರೆ ಆ ವಾರವೇ ಪರೀಕ್ಷಿಸಿಕೊಳ್ಳಲಿ.

ಇದು ಎಷ್ಟು ಜನರ ಮಾತು? 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ದೇಶವ್ಯಾಪಿ ಅಧ್ಯಯನದ ಪ್ರಕಾರ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ವಯಸ್ಕರಲ್ಲಿ 100ಕ್ಕೆ ಸುಮಾರು 40 ಮಂದಿಗೆ ಹೊಟ್ಟೆಯ ಬೊಜ್ಜಿದೆ. ನಮ್ಮವರಿಗೆ ಅನ್ವಯಿಸುವ ಅಳತೆ ಗಂಡಸರಿಗೆ ಸೊಂಟದ ಸುತ್ತ 90 ಸೆಂಟಿಮೀಟರ್, ಹೆಂಗಸರಿಗೆ 80. ಅದಕ್ಕಿಂತ ಹೆಚ್ಚಿದ್ದರೆ ಅಪಾಯದ ಸಾಲಿಗೆ ಬಂದಂತೆ. ಟೈಲರ್ ಬಳಿ ಇರುವ ಟೇಪು ಸಾಕು, ಆಸ್ಪತ್ರೆಗೇ ಹೋಗಬೇಕೆಂದಿಲ್ಲ.

ಇನ್ನು ಇದರ ಸುತ್ತು ಹೇಗೆ ತಿರುಗುತ್ತದೆ ನೋಡಿ. ಶುಗರ್ ಇದೆ, ದಿನಾ ನಡೆಯಿರಿ ಎಂದು ಡಾಕ್ಟರ್ ಹೇಳುತ್ತಾರೆ. ನಡೆದರೆ ಹಿಮ್ಮಡಿ ನೋಯುತ್ತದೆ. ನಡಿಗೆ ನಿಲ್ಲುತ್ತದೆ. ಸಕ್ಕರೆ ಏರುತ್ತದೆ, ತೂಕ ಏರುತ್ತದೆ. ಪಟ್ಟಿ ಇನ್ನಷ್ಟು ಬಿರುಸಾಗುತ್ತದೆ, ಹಿಮ್ಮಡಿಗೆ ಇನ್ನಷ್ಟು ಭಾರ ಬೀಳುತ್ತದೆ. ಹಿಮ್ಮಡಿ ನೋವಿನಿಂದ ಯಾರೂ ಸಾಯುವುದಿಲ್ಲ ಎಂದು ನಾವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅದು ಮನುಷ್ಯನನ್ನು ಕೂರಿಸಿಬಿಡುತ್ತದೆ. ಸಕ್ಕರೆ ಕಾಯಿಲೆಯವರು ಕೂತುಬಿಟ್ಟರೆ ಮುಂದಿನದ್ದು ಹೃದಯದ ಮಾತು, ಮೂತ್ರಪಿಂಡದ ಮಾತು.

ಆ ಬಿಸಿ ಇಟ್ಟಿಗೆ

ನಮ್ಮ ಹಳ್ಳಿ ಪೇಟೆಗಳಲ್ಲಿ ಹಿಮ್ಮಡಿ ನೋವಿಗೆ ಎಲ್ಲರಿಗೂ ಗೊತ್ತಿರುವ ಮದ್ದೊಂದಿದೆ. ಇಟ್ಟಿಗೆಯನ್ನು ಒಲೆಯಲ್ಲಿ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹಾಸಿ, ಹಿಮ್ಮಡಿಯನ್ನು ಒತ್ತಿ ಹಿಡಿಯುವುದು. ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲು ಇಳಿಬಿಡುವುದು ಇನ್ನೊಂದು. ಹಿರಿಯರ ಮದ್ದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಶಾಖದಿಂದ ಬಿಗಿದ ಸ್ನಾಯು ಸಡಿಲವಾಗುತ್ತದೆ, ಹಿತವಾಗುತ್ತದೆ. ಅವರ ಕಾಲದಲ್ಲಿ ಇಟ್ಟಿಗೆ ಹೆಚ್ಚು ಕಾದಿದ್ದರೆ ಕಾಲು ತಾನಾಗಿ ಹಿಂದಕ್ಕೆ ಬರುತ್ತಿತ್ತು.

ಸಕ್ಕರೆ ಕಾಯಿಲೆಯವರ ಕಾಲು ಹಿಂದಕ್ಕೆ ಬರುವುದಿಲ್ಲ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ನೆನಪಿಡಿ ಎನ್ನುತ್ತೇವೆ. ಸಕ್ಕರೆ ಹೆಚ್ಚಿದ್ದು ವರ್ಷಗಳಾದಾಗ ಮೈಯ ಅತಿ ಉದ್ದದ ನರಗಳು, ಅಂದರೆ ಪಾದದ ನರಗಳು, ಮೊದಲು ಹಾಳಾಗುತ್ತವೆ. ಜುಮುಗುಟ್ಟುವಿಕೆ, ಉರಿ, ಹತ್ತಿಯ ಮೇಲೆ ನಡೆದಂಥ ಅನುಭವ, ಚಪ್ಪಲಿ ಕಳಚಿದ್ದೇ ತಿಳಿಯದಿರುವುದು ಇದರ ಲಕ್ಷಣಗಳು. ಆಮೇಲೆ ಬಿಸಿ ತಣ್ಣಗೆ ಗೊತ್ತಾಗುವುದಿಲ್ಲ, ಮುಳ್ಳು ಚುಚ್ಚಿದ್ದು ಗೊತ್ತಾಗುವುದಿಲ್ಲ. ವಿಚಿತ್ರವೆಂದರೆ ಒಂದೇ ಪಾದದಲ್ಲಿ ಒಳಗಿನ ಪಟ್ಟಿಯ ನೋವೂ ಚರ್ಮದ ಮರಗಟ್ಟುವಿಕೆಯೂ ಒಟ್ಟಿಗೆ ಇರಬಹುದು. ಹಾಗಾಗಿ ‘ನನಗೆ ನೋವು ಗೊತ್ತಾಗುತ್ತದಲ್ಲ, ನರ ಸರಿಯಿದೆ’ ಎಂದು ಯಾರೂ ತೀರ್ಮಾನಿಸಬಾರದು. ಅಂಥ ಕಾಲನ್ನು ಕಾದ ಇಟ್ಟಿಗೆಯ ಮೇಲೆ ಒತ್ತಿದರೆ ಸುಟ್ಟ ಬೊಬ್ಬೆ ಮರುದಿನ ಕಾಣುತ್ತದೆ. ರಕ್ತಸಂಚಾರ ಕಡಿಮೆಯಿರುವ ಪಾದದಲ್ಲಿ ಆ ಬೊಬ್ಬೆ ಹುಣ್ಣಾಗುತ್ತದೆ, ಹುಣ್ಣಿಗೆ ಸೋಂಕು ತಗಲುತ್ತದೆ, ಸೋಂಕು ಮೂಳೆಗೆ ಇಳಿಯುತ್ತದೆ. ಹಿಮ್ಮಡಿಯ ಹುಣ್ಣು ಒಣಗುವುದು ಬೆರಳಿನ ಹುಣ್ಣಿಗಿಂತಲೂ ಕಷ್ಟ. ಪಾದವನ್ನೇ ಕತ್ತರಿಸಿ ತೆಗೆಯಬೇಕಾದ ಎಷ್ಟೋ ಪ್ರಕರಣಗಳು ಸಣ್ಣದೊಂದು ಬೊಬ್ಬೆ, ಗೀರು ಅಥವಾ ಆಣಿಯಿಂದ ಶುರುವಾದಂಥವು.

ಇಟ್ಟಿಗೆಗೆ ಹೇಳಿದ್ದು ಬಿಸಿನೀರಿನ ಚೀಲಕ್ಕೂ, ವಿದ್ಯುತ್ ಹೀಟಿಂಗ್ ಪ್ಯಾಡಿಗೂ, ಐಸ್ ಗಡ್ಡೆಗೂ ಅನ್ವಯಿಸುತ್ತದೆ. ಆಣಿ, ಒಡೆದ ಹಿಮ್ಮಡಿ ಎಂದು ಬ್ಲೇಡಿನಿಂದ ಹೆರೆಯುವುದೂ ಬೇಡ. ಒಡಕಿಗೆ ರಾತ್ರಿ ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿಯ ಸಾಕ್ಸ್ ಹಾಕಿಕೊಂಡರೆ ಸಾಕು. ಬೆರಳುಗಳ ಸಂದಿಗೆ ಮಾತ್ರ ಹಚ್ಚಬಾರದು.

ಪಾದದ ಸ್ಪರ್ಶ ಉಳಿದಿದೆಯೇ ಎಂದು ತಿಳಿಯುವ ಪರೀಕ್ಷೆ ಎರಡೇ ನಿಮಿಷದ್ದು. ನೈಲಾನ್ ಎಳೆಯೊಂದನ್ನು ಅಂಗಾಲಿನ ಕೆಲವು ಕಡೆ ಒತ್ತಿ ಕೇಳುತ್ತಾರೆ. ವರ್ಷಕ್ಕೊಮ್ಮೆ ಇದನ್ನು ಕೇಳಿ ಮಾಡಿಸಿಕೊಳ್ಳಬೇಕು. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಿನಲ್ಲೂ ‘ನನ್ನ ಪಾದ ನೋಡಿ’ ಎಂದು ಕೇಳಬಹುದು. ಕೇಳದಿದ್ದರೆ ಸಾಲು ಉದ್ದ ಇರುವಲ್ಲಿ ಯಾರೂ ಚಪ್ಪಲಿ ಬಿಚ್ಚಿಸುವುದಿಲ್ಲ. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷಗಳಿಂದ ತೆಗೆದುಕೊಳ್ಳುವವರು ವಿಟಮಿನ್ ಬಿ12 ಅನ್ನೂ ಪರೀಕ್ಷಿಸಿಕೊಳ್ಳಲಿ. ಅದು ಕಡಿಮೆಯಾದರೂ ಕಾಲು ಮರಗಟ್ಟುತ್ತದೆ.

ಹಾಗಾದರೆ ಮಾಡುವುದೇನು?

ಮೊದಲು ಸಮಾಧಾನದ ಮಾತು. ಹಿಮ್ಮಡಿ ನೋವಿರುವ ಹತ್ತರಲ್ಲಿ ಎಂಟು ಒಂಬತ್ತು ಮಂದಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ವಾಸಿಯಾಗುತ್ತದೆ. ಆದರೆ ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ಎರಡು ವಾರ ಮಾಡಿ ಪ್ರಯೋಜನವಾಗಲಿಲ್ಲ ಎಂದು ಬಿಡುವವರೇ ಹೆಚ್ಚು.

ವ್ಯಾಯಾಮ ಸುಲಭದ್ದು. ಬೆಳಿಗ್ಗೆ ಹಾಸಿಗೆಯಿಂದ ಕಾಲಿಳಿಸುವ ಮೊದಲೇ ಮಾಡಬೇಕು, ಅದೇ ಮುಖ್ಯ. ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಕಾಲ್ಬೆರಳುಗಳನ್ನು ಕೈಯಿಂದ ಹಿಡಿದು ಮೊಣಕಾಲಿನತ್ತ ಎಳೆಯಿರಿ. ಅಂಗಾಲಿನ ನಡುವೆ ಪಟ್ಟಿ ತಂತಿಯಂತೆ ಬಿಗಿಯುವುದು ಇನ್ನೊಂದು ಕೈಗೆ ಗೊತ್ತಾಗುತ್ತದೆ. ಹತ್ತು ಎಣಿಸುವವರೆಗೆ ಹಿಡಿದು ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ ದೊಡ್ಡದಿದ್ದು ಕಾಲು ತೊಡೆಯ ಮೇಲೆ ಬರದವರು ದುಪಟ್ಟಾ ಅಥವಾ ಟವೆಲನ್ನು ಪಾದದ ಮುಂಭಾಗಕ್ಕೆ ಹಾಕಿ ಎರಡೂ ತುದಿ ಹಿಡಿದು ಎಳೆಯಬಹುದು. ಇನ್ನೊಂದು, ಗೋಡೆಗೆ ಕೈಕೊಟ್ಟು, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲದಿಂದ ಏಳದಂತೆ ಮುಂದಕ್ಕೆ ವಾಲುವುದು. ಮೀನಖಂಡ ಬಿಗಿಯಾಗಿದ್ದರೆ ಅಂಗಾಲಿನ ಪಟ್ಟಿಗೆ ನೆಮ್ಮದಿಯಿಲ್ಲ. ಪಾದದಲ್ಲಿ ಹುಣ್ಣು, ಗಾಯ, ಊತ ಇದ್ದರೆ ಇವನ್ನು ಮಾಡದೆ ವೈದ್ಯರನ್ನು ಕಾಣಬೇಕು.

ಚಪ್ಪಲಿ ವಿಷಯದಲ್ಲಿ ನಮ್ಮ ಮನೆಗಳ ಅಭ್ಯಾಸವೇ ಬೇರೆ. ಹೊರಗೆ ಒಳ್ಳೆಯ ಚಪ್ಪಲಿ, ಒಳಗೆ ಬರಿಗಾಲು. ಮೊದಲಿನ ಮಣ್ಣಿನ ನೆಲ, ಸೆಗಣಿ ಸಾರಿಸಿದ ನೆಲದ ಮೇಲೆ ಅದು ನಡೆಯುತ್ತಿತ್ತು. ಈಗ ಗ್ರಾನೈಟ್ ಮತ್ತು ಟೈಲ್ಸಿನ ಅಡುಗೆಮನೆಯಲ್ಲಿ ಹೆಂಗಸರು ದಿನಕ್ಕೆ ನಾಲ್ಕೈದು ಗಂಟೆ ಬರಿಗಾಲಲ್ಲಿ ನಿಲ್ಲುತ್ತಾರೆ. ರಮಝಾನಿನಲ್ಲಿ ಅಸ್ರ್‌ನಿಂದ ಮಗ್ರಿಬ್‌ವರೆಗೆ ಒಲೆ ಬಿಟ್ಟು ಅಲುಗಾಡುವಂತಿಲ್ಲ. ಮನೆಯೊಳಗಿಗೆಂದೇ ಒಂದು ಜೊತೆ ಮೆತ್ತನೆಯ ಚಪ್ಪಲಿ ತಂದುಕೊಡುವುದು ಗಂಡು ಮಕ್ಕಳು ತಾಯಿಗೆ, ಗಂಡ ಹೆಂಡತಿಗೆ ಮಾಡಬಹುದಾದ ಅತ್ಯಂತ ಅಗ್ಗದ ಉಪಕಾರ. ಎಂಸಿಆರ್ ಚಪ್ಪಲಿ ಎಂದು ಕೇಳಿದರೆ ಸಿಗುತ್ತದೆ. ಸಕ್ಕರೆ ಕಾಯಿಲೆಯವರಿಗೆಂದೇ ಮಾಡುವ ಮೈಕ್ರೋ ಸೆಲ್ಯುಲಾರ್ ರಬ್ಬರಿನ ಚಪ್ಪಲಿ ಅದು. ಹಿಮ್ಮಡಿಯ ಹಿಂದೆ ಪಟ್ಟಿ ಇರುವಂಥದ್ದನ್ನೇ ಆರಿಸಿ. ಕಾಲ್ಬೆರಳಲ್ಲಿ ಕಚ್ಚಿಕೊಂಡು ನಡೆಯುವ ತೆಳು ಹವಾಯಿ ಚಪ್ಪಲಿ ಬೇಡ. ಚಪ್ಪಲಿ ಕೊಳ್ಳಲು ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ.

ತೂಕದ ಮಾತು ಎಲ್ಲರಿಗೂ ಗೊತ್ತಿರುವುದೇ. ಆದರೂ ಹಿಮ್ಮಡಿಯ ಮಟ್ಟಿಗೆ ಒಂದು ಮುಖ್ಯ ವಿಷಯವಿದೆ. ‘ನೋವು ಹೋಗಲಿ, ಆಮೇಲೆ ನಡೆದು ತೂಕ ಇಳಿಸುತ್ತೇನೆ’ ಎಂದು ಕಾಯಬೇಕಾಗಿಲ್ಲ. ತೂಕ ಇಳಿಯುವುದು ಹೆಚ್ಚಾಗಿ ತಟ್ಟೆಯಿಂದ, ನಡಿಗೆಯಿಂದ ಅದಕ್ಕಿಂತ ಕಡಿಮೆ. ತುಪ್ಪದನ್ನದ ಎರಡನೇ ಬಡಿಸುವಿಕೆ, ದಿನಕ್ಕೆ ನಾಲ್ಕು ಸಲದ ಸಕ್ಕರೆ ಚಹಾ, ಅದರ ಜೊತೆಯ ಬೇಕರಿ ರಸ್ಕು, ಇಫ್ತಾರಿನ ಶರಬತ್ತು ಮತ್ತು ಕರಿದ ಸಮೋಸ, ಇವನ್ನು ಬಿಡಲು ಹಿಮ್ಮಡಿ ಅಡ್ಡ ಬರುವುದಿಲ್ಲ. ಹೊಟ್ಟೆಯ ಮೂರನೇ ಒಂದು ಭಾಗ ಮಾತ್ರ ಆಹಾರಕ್ಕೆ ಎಂಬ ಪ್ರವಾದಿ (ಸ)ರ ಬೋಧನೆಯನ್ನು ಖುತ್ಬಾದಲ್ಲಿ ಎಷ್ಟು ಸಲ ಕೇಳಿದ್ದೇವೆ, ವಲೀಮಾದ ಹರಿವಾಣದ ಮುಂದೆ ಎಷ್ಟು ಬೇಗ ಮರೆತಿದ್ದೇವೆ! ವ್ಯಾಯಾಮಕ್ಕೆ ನಡಿಗೆಯೊಂದೇ ದಾರಿಯಲ್ಲ. ನಿಂತಲ್ಲೇ ತುಳಿಯುವ ಸೈಕಲ್ ಇದ್ದರೆ ಅದು, ಇಲ್ಲವಾದರೆ ಕುರ್ಚಿಯಲ್ಲಿ ಕುಳಿತು ಕಾಲು ಎತ್ತಿ ಇಳಿಸುವುದು, ಕುರ್ಚಿಯಿಂದ ಎದ್ದು ಕೂರುವುದು, ನೀರಿನ ಬಾಟಲಿ ಹಿಡಿದು ತೋಳಿನ ವ್ಯಾಯಾಮ. ಊಟವಾದ ಮೇಲೆ ಹತ್ತು ನಿಮಿಷ ಹೀಗೆ ಮಾಡಿದರೂ ರಕ್ತದ ಸಕ್ಕರೆಗೆ ಒಳ್ಳೆಯದು.

ವುಝೂ, ಸಜ್ದಾ, ಕುರ್ಚಿ

ಸಕ್ಕರೆ ಕಾಯಿಲೆಯವರು ದಿನಕ್ಕೊಮ್ಮೆ ಪಾದ ನೋಡಿಕೊಳ್ಳಬೇಕು ಎಂದು ವೈದ್ಯರು ಹೇಳುತ್ತಾರೆ. ನಮಾಝಿಗಳ ಕೈ ದಿನಕ್ಕೆ ಐದು ಹೊತ್ತು ಪಾದವನ್ನು ಮುಟ್ಟುತ್ತದೆ. ಪ್ರಯಾಣವೊಂದರಲ್ಲಿ ಅಸ್ರ್ ನಮಾಝಿನ ಸಮಯಕ್ಕೆ ಅವಸರವಾಗಿ ವುಝೂ ಮಾಡಿ ಹಿಮ್ಮಡಿಯನ್ನು ಒಣಗಿದಂತೆಯೇ ಬಿಟ್ಟವರನ್ನು ಪ್ರವಾದಿ (ಸ) ಗಟ್ಟಿ ದನಿಯಲ್ಲಿ ಎಚ್ಚರಿಸಿದ್ದು ಬುಖಾರಿ, ಮುಸ್ಲಿಂ ಎರಡರಲ್ಲೂ ವರದಿಯಾಗಿದೆ. ಅಷ್ಟು ಕಾಳಜಿಯಿಂದ ತೊಳೆಯಬೇಕಾದ ಹಿಮ್ಮಡಿಯನ್ನು ನಾವು ನಲ್ಲಿಯ ಕೆಳಗೆ ಒಡ್ಡಿ, ನೋಡದೆ, ಎಳೆದುಕೊಳ್ಳುತ್ತೇವೆ. ದಿನಕ್ಕೆ ಒಂದು ವುಝೂವನ್ನಾದರೂ, ಇಶಾದ್ದನ್ನು ಎನ್ನೋಣ, ಮನೆಯಲ್ಲಿ ಕೂತು ಮಾಡಿ. ಹಿಮ್ಮಡಿಯ ಸುತ್ತ ಅಂಗೈ ಆಡಿಸಿ, ಕಿರುಬೆರಳನ್ನು ಕಾಲ್ಬೆರಳ ಸಂದಿಗಳಲ್ಲಿ ಹಾಯಿಸಿ. ಬೊಬ್ಬೆ, ಬಿರುಕು, ಕೆಂಪು, ಬಿಸಿ, ವಾಸನೆ ಏನಾದರೂ ಇದೆಯೇ? ಅಂಗಾಲು ಕಾಣದವರು ಕನ್ನಡಿಯನ್ನು ನೆಲದ ಮೇಲಿಟ್ಟು ನೋಡಲಿ, ಇಲ್ಲವೇ ಮೊಮ್ಮಗನನ್ನು ಕರೆಯಲಿ. ಆಮೇಲೆ ಸಂದಿಗಳನ್ನು ಒಣಬಟ್ಟೆಯಿಂದ ಒರೆಸಬೇಕು. ನೀರು ನಿಂತ ಸಂದಿಯಲ್ಲಿ ಬೂಷ್ಟು ಹುಣ್ಣಾಗುತ್ತದೆ. ಚಳಿಗಾಲದಲ್ಲಿ ಬಿಸಿನೀರಿನ ಹದವನ್ನು ಮೊಣಕೈಯಿಂದ ನೋಡಿ, ಪಾದದಿಂದ ನೋಡಬೇಡಿ.

ಮಸೀದಿ ಕಮಿಟಿಯವರಿಗೂ ಒಂದು ಮಾತು. ಏಪ್ರಿಲ್, ಮೇ ತಿಂಗಳ ಝುಹ್ರ್ ಹೊತ್ತಿಗೆ ಹೌಝ್‌ನಿಂದ ಒಳಗಿನ ಸಾಲಿನವರೆಗೆ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಬೇಕಾದ ಮಸೀದಿಗಳು ಬಹಳ ಇವೆ. ಹುಡುಗರು ಹಾರಿ ಓಡುತ್ತಾರೆ. ಮರಗಟ್ಟಿದ ಕಾಲಿನವರು ನಿಧಾನವಾಗಿ ನಡೆದು ಸುಟ್ಟುಕೊಳ್ಳುತ್ತಾರೆ. ಒಂದು ತೆಂಗಿನ ನಾರಿನ ಚಾಪೆ ಹಾಸಿದರೆ ಇದು ತಪ್ಪುತ್ತದೆ. ಒಳಗೆ ಟೈಲ್ಸಿನ ಮೇಲೆ ತೆಳು ಕಾರ್ಪೆಟ್ ಬದಲು ಸ್ವಲ್ಪ ದಪ್ಪದ್ದನ್ನು ಹಾಸಿದರೆ ತರಾವೀಹ್‌ನಲ್ಲಿ ನಿಲ್ಲುವವರ ಹಿಮ್ಮಡಿಗಳು ದುಆ ಮಾಡುತ್ತವೆ.

ಸಜ್ದಾದಲ್ಲಿ ಮತ್ತು ಬಲಪಾದ ನೆಟ್ಟು ಕೂರುವಾಗ ಕಾಲ್ಬೆರಳುಗಳು ಮಡಚುವುದರಿಂದ ಅಂಗಾಲಿನ ಪಟ್ಟಿ ಬಿಗಿಯುತ್ತದೆ. ಆರೋಗ್ಯವಂತ ಪಾದಕ್ಕೆ ಅದು ಒಳ್ಳೆಯ ವ್ಯಾಯಾಮವೇ. ನೋವಿರುವಾಗ ಹೆಚ್ಚು ಭಾರ ಹಾಕದೆ, ಎದ್ದೇಳುವಾಗ ಕೈಯೂರಿ ನಿಧಾನವಾಗಿ ಎದ್ದರೆ ಸಹಿಸಬಹುದು. ಸಹಿಸಲಾಗದವರಿಗೆ ದೀನ್ ದಾರಿ ಮುಚ್ಚಿಲ್ಲ. ಕಾಯಿಲೆಯಲ್ಲಿದ್ದ ಇಮ್ರಾನ್ ಬಿನ್ ಹುಸೈನ್ (ರ) ಕೇಳಿದಾಗ, ನಿಂತು ಆಗದಿದ್ದರೆ ಕುಳಿತು, ಕುಳಿತೂ ಆಗದಿದ್ದರೆ ಮಗ್ಗುಲಾಗಿ ನಮಾಝ್ ಮಾಡಬಹುದೆಂದು ಪ್ರವಾದಿ (ಸ) ತಿಳಿಸಿದ್ದಾರೆ. ಆದರೆ ನಿಲ್ಲಲು ಶಕ್ತರಾದವರು ಫರ್ಝ್ ನಮಾಝಿನಲ್ಲಿ ನಿಲ್ಲಲೇಬೇಕು, ಆಗದ ಭಾಗಕ್ಕೆ ಮಾತ್ರ ರಿಯಾಯಿತಿ. ಹಿಮ್ಮಡಿ ನೋವಿನವರಲ್ಲಿ ಎಷ್ಟೋ ಜನ ಹತ್ತು ನಿಮಿಷ ನಿಲ್ಲಬಲ್ಲರು, ಎದ್ದು ಕೂರುವುದು ಕಷ್ಟ. ಇನ್ನು ಕೆಲವರಿಗೆ ಅದು ತಿರುಗುಮುರುಗು. ಕುರ್ಚಿಯನ್ನು ಯಾವಾಗ, ಹೇಗೆ ಬಳಸಬೇಕೆಂದು ನಿಮ್ಮ ಇಮಾಮರನ್ನು ಕೇಳಿಕೊಳ್ಳಿ. ನೋವು ವಾಸಿಯಾದ ಮೇಲೂ ಕುರ್ಚಿ ಅಭ್ಯಾಸವಾಗಿ ಉಳಿಯುವುದನ್ನು ನಾವು ನೋಡುತ್ತಿದ್ದೇವೆ. ಅದು ನಮಾಝಿಗೂ ಒಳ್ಳೆಯದಲ್ಲ, ಕಾಲಿಗೂ ಒಳ್ಳೆಯದಲ್ಲ.

ಇಂಜೆಕ್ಷನ್ ಮತ್ತು ಆಪರೇಷನ್

ನೋವಿನ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವುದು ಸಕ್ಕರೆ ಕಾಯಿಲೆಯವರ ಮೂತ್ರಪಿಂಡಕ್ಕೆ ಕೇಡು. ಹಿಮ್ಮಡಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿಯೇ ಜನ ಮತ್ತೆ ಮತ್ತೆ ಕೇಳುತ್ತಾರೆ. ಆದರೆ ಅದರಿಂದ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ, ಪದೇ ಪದೇ ಚುಚ್ಚಿಸಿಕೊಂಡರೆ ಹಿಮ್ಮಡಿಯ ಮೆತ್ತೆ ಕರಗುತ್ತದೆ, ಪಟ್ಟಿಯೇ ಹರಿಯುವ ಸಾಧ್ಯತೆಯಿದೆ. ಚುಚ್ಚುವ ಮೊದಲು ‘ನನಗೆ ಶುಗರ್ ಇದೆ’ ಎಂದು ಹೇಳಿ, ಆ ವಾರ ಸಕ್ಕರೆಯನ್ನು ಹೆಚ್ಚು ಸಲ ಪರೀಕ್ಷಿಸಿ. ಮುಳ್ಳನ್ನು ಕತ್ತರಿಸಿ ತೆಗೆಯುವ ಆಪರೇಷನ್ ಎಲ್ಲ ಪ್ರಯತ್ನ ಮುಗಿದ ಮೇಲಿನ ಮಾತು. ಮೊದಲ ಭೇಟಿಯಲ್ಲೇ ಯಾರಾದರೂ ಅದನ್ನು ಹೇಳಿದರೆ ಇನ್ನೊಬ್ಬ ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಹಿಮ್ಮಡಿ ನೋವೆಲ್ಲ ಪಟ್ಟಿಯ ನೋವೂ ಅಲ್ಲ. ಮಲಗಿದ್ದಾಗಲೂ ಬಿಡದ ನೋವು, ಜ್ವರ, ಬಿದ್ದ ಮೇಲೆ ಶುರುವಾದ ನೋವು, ಪ್ರಾಯದ ಹುಡುಗರಲ್ಲಿ ಎರಡೂ ಹಿಮ್ಮಡಿಯ ಜೊತೆ ಬೆನ್ನು ಬೆಳಿಗ್ಗೆ ಸೆಟೆದುಕೊಳ್ಳುವುದು, ಇವಕ್ಕೆ ಕಾರಣ ಬೇರೆ. ಸಕ್ಕರೆ ಕಾಯಿಲೆಯವರ ಒಂದು ಪಾದ ಇದ್ದಕ್ಕಿದ್ದಂತೆ ಊದಿ, ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿಯಾಗಿ, ನೋವು ಮಾತ್ರ ಅಷ್ಟಾಗಿ ಇಲ್ಲದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಒಳಗೆ ಮೂಳೆಗಳು ಮುರಿದು ಕುಸಿಯುತ್ತಿರಬಹುದು. ಆ ಕಾಲಿನ ಮೇಲೆ ಒಂದು ಹೆಜ್ಜೆಯೂ ಬೇಡ.

ಉಮ್ರಾಕ್ಕೆ ಹೊರಟವರಿಗೆ

ವರ್ಷವಿಡೀ ದಿನಕ್ಕೆ ಅರ್ಧ ಕಿಲೋಮೀಟರ್ ನಡೆಯದವರು ಒಂದೇ ದಿನ ಏಳು ಸುತ್ತು ತವಾಫ್ ಮಾಡಿ, ಸಫಾ ಮರ್ವಾದ ನಡುವೆ ಏಳು ಸಲ ನಡೆಯುತ್ತಾರೆ. ಸಈ ಒಂದೇ ಸುಮಾರು ಮೂರು ಕಿಲೋಮೀಟರ್. ಬಹಳ ಜನರ ಹಿಮ್ಮಡಿ ನೋವು ಅಲ್ಲಿಂದ ಶುರುವಾದದ್ದು. ಹೊರಡುವ ಮೂರು ತಿಂಗಳು ಮೊದಲೇ ಮೇಲೆ ಹೇಳಿದ ವ್ಯಾಯಾಮ ಆರಂಭಿಸಿ, ನಡಿಗೆಯನ್ನು ವಾರ ವಾರಕ್ಕೂ ಸ್ವಲ್ಪ ಹೆಚ್ಚಿಸಿ. ಇಹ್ರಾಮಿನಲ್ಲಿ ಗಂಡಸರು ಸಾಕ್ಸ್ ಮತ್ತು ಕಣಕಾಲು ಮುಚ್ಚುವ ಪಾದರಕ್ಷೆ ಧರಿಸುವಂತಿಲ್ಲ. ಆದರೆ ಮೆತ್ತನೆಯ ತಳದ ಚಪ್ಪಲಿಗೆ ಅಡ್ಡಿಯಿಲ್ಲ. ಅದನ್ನು ಊರಲ್ಲೇ ಕೊಂಡು ಎರಡು ವಾರ ಹಾಕಿ ಹದಗೊಳಿಸಿಕೊಳ್ಳಿ, ಹೊಸ ಚಪ್ಪಲಿ ಕಚ್ಚಿದ ಬೊಬ್ಬೆ ಅಲ್ಲಿ ಬೇಡ. ನಡೆಯಲಾಗದವರು ಗಾಲಿಕುರ್ಚಿ ತೆಗೆದುಕೊಳ್ಳಲು ಸಂಕೋಚಪಡಬಾರದು. ಉಮ್ಮು ಸಲಮಾ (ರ) ಅಸ್ವಸ್ಥರಾಗಿದ್ದಾಗ ಜನರ ಹಿಂದಿನಿಂದ ಸವಾರಿಯ ಮೇಲೆ ಕುಳಿತೇ ತವಾಫ್ ಮಾಡುವಂತೆ ಪ್ರವಾದಿ (ಸ) ಹೇಳಿದ್ದರು.

ಮತಾಫ್‌ನ ಬಿಳಿ ಅಮೃತಶಿಲೆ ಗ್ರೀಸಿನ ತಾಸೋಸ್ ದ್ವೀಪದ್ದು, ಬಿಸಿಲಲ್ಲೂ ತಂಪಾಗಿಯೇ ಇರುತ್ತದೆ. ಅದನ್ನು ನಂಬಿ ಚಪ್ಪಲಿಯನ್ನು ಬಾಗಿಲ ಬಳಿ ಬಿಟ್ಟು ಹೋದವರಿಗೆ ಹೊರಬಂದಾಗ ಚಪ್ಪಲಿ ಸಿಗದಿದ್ದರೆ, ಹೋಟೆಲಿನವರೆಗಿನ ರಸ್ತೆ ಅಮೃತಶಿಲೆಯದ್ದಲ್ಲ. ಆದ್ದರಿಂದ ಹೆಗಲಿಗೆ ಹಾಕುವ ಬಟ್ಟೆಯ ಚೀಲವೊಂದನ್ನು ಒಯ್ದು ಚಪ್ಪಲಿಯನ್ನು ಅದರಲ್ಲಿಟ್ಟು ಜೊತೆಗೇ ಇಟ್ಟುಕೊಳ್ಳಿ. ರಾತ್ರಿ ಕೋಣೆಗೆ ಮರಳಿದ ಮೇಲೆ, ಎಷ್ಟೇ ದಣಿದಿದ್ದರೂ, ಮಲಗುವ ಮೊದಲು ಜೊತೆಗಿರುವವರು ಒಬ್ಬರ ಪಾದವನ್ನು ಇನ್ನೊಬ್ಬರು ದೀಪದ ಬೆಳಕಿನಲ್ಲಿ ನೋಡಬೇಕು.